ಇಂಜಿನು ಮಿಸ್ ಹೊಡೆಯುತ್ತಿದೆಯೇ? ಹಳದಿ ದೀಪದ ಕಾರಣವನ್ನು ಮನೆಯಲ್ಲೇ ಪತ್ತೆ ಮಾಡಿ



ಗೋವಿನಜೋಳದ ಎಲೆ ಹಳದಿಯಾಯಿತೆಂದರೆ ನಮ್ಮಲ್ಲಿ ಬಹಳ ಜನ ಮಾಡುವ ಮೊದಲ ಕೆಲಸ ಯೂರಿಯಾ ಚೀಲದ ಬಾಯಿ ಬಿಚ್ಚುವುದು. ಕೆಳಗಿನ ಎಲೆಗಳು ತುದಿಯಿಂದ ನಡುದಿಂಡಿನಗುಂಟ ಹಳದಿಯಾಗುತ್ತ ಬಂದಿದ್ದರೆ ಅದು ಸಾರಜನಕದ ಕೊರತೆ. ಅಲ್ಲಿ ಯೂರಿಯಾ ಸರಿಯಾದ ಮದ್ದು. ಎಳೆಯ ಎಲೆಗಳ ಬುಡದಲ್ಲಿ ನಡುದಿಂಡಿನ ಎರಡೂ ಬದಿಗೆ ಬಿಳಿ ಪಟ್ಟೆ ಕಂಡರೆ ಅದು ಸತುವಿನ ಕೊರತೆ. ಅಲ್ಲಿ ಯೂರಿಯಾ ಹಾಕಿ ಪ್ರಯೋಜನವಿಲ್ಲ. ಹೊಲದಲ್ಲಿ ನೀರು ನಿಂತು ಬೇರಿಗೆ ಉಸಿರು ಕಟ್ಟಿದ್ದರೆ ಯಾವ ಗೊಬ್ಬರವೂ ನಾಟುವುದಿಲ್ಲ. ಮೊದಲು ಬಸಿಗಾಲುವೆ ತೆಗೆಯಬೇಕು. ಬಣ್ಣ ಒಂದೇ, ಕಾರಣ ಹಲವು. ಕಾರಣ ತಿಳಿಯದೆ ಮದ್ದು ಹಾಕಿದರೆ ಹಣವೂ ಹೋಗುತ್ತದೆ, ಹಂಗಾಮೂ ಹೋಗುತ್ತದೆ.

ಇದೇ ಮಾತು ಇಂದು ನಿಮ್ಮ ಗಾಡಿಯ ಹಳದಿ ದೀಪಕ್ಕೂ ಅನ್ವಯಿಸುತ್ತದೆ. ನಾನು ಬೇಸಾಯ ಶಾಸ್ತ್ರದವನು, ಯಂತ್ರ ಶಾಸ್ತ್ರದವನಲ್ಲ. ಆದರೂ ಈ ಲೇಖನ ಬರೆಯಲು ಒಂದು ಕಾರಣವಿದೆ.

ಹಳಿಯಾಳ ತಾಲೂಕಿನ ಒಂದು ಹಳ್ಳಿಯಲ್ಲಿ ಗೋವಿನಜೋಳದ ಕ್ಷೇತ್ರೋತ್ಸವ ಮುಗಿಸಿ ಹೊರಟಿದ್ದೆವು. ರೈತರೊಬ್ಬರು ಬಂದು, "ಸಾಹೇಬ್ರ, ಬೆಳೀ ರೋಗ ನೋಡಿದ್ರಿ, ನನ್ನ ಗಾಡಿ ರೋಗಾನೂ ಒಂಚೂರು ನೋಡ್ರಿ" ಎಂದರು. ಅವರದು ನಾಲ್ಕು ಸಿಲಿಂಡರಿನ ಸಣ್ಣ ಪೆಟ್ರೋಲ್ ಗೂಡ್ಸ್ ಗಾಡಿ. ಏರು ಬಂದರೆ ಜಗ್ಗುತ್ತಿತ್ತು, ನಿಂತಲ್ಲಿ ನಡುಗುತ್ತಿತ್ತು, ಡ್ಯಾಶ್‌ಬೋರ್ಡಿನಲ್ಲಿ ಇಂಜಿನಿನ ಚಿತ್ರವುಳ್ಳ ಹಳದಿ ದೀಪ ಉರಿಯುತ್ತಿತ್ತು. ಒಂದು ಕಡೆ ನಾಲ್ಕೂ ಪ್ಲಗ್ ಬದಲಾಯಿಸಿದ್ದರು. ಇನ್ನೊಂದು ಕಡೆ ಇಂಜೆಕ್ಟರ್ ತೊಳೆಸಿ, ಪೆಟ್ರೋಲ್ ಪಂಪನ್ನೂ ಹೊಸದು ಹಾಕಿಸಿದ್ದರು. ಒಂದು ಎಕರೆ ಗೋವಿನಜೋಳದ ಲಾಭ ಅದರಲ್ಲೇ ಕರಗಿತ್ತು. ದೀಪ ಮಾತ್ರ ಆರಿರಲಿಲ್ಲ. ನಮ್ಮೊಡನೆ ಬಂದಿದ್ದ ಕೃಷಿ ಯಂತ್ರೋಪಕರಣ ವಿಭಾಗದ ಸಹೋದ್ಯೋಗಿ ಮುಕ್ಕಾಲು ತಾಸಿನಲ್ಲಿ ಕಾರಣ ಹುಡುಕಿದರು. ರಿಪೇರಿಗೆ ತಗಲಿದ್ದು ಒಂದು ಗೇಣು ವಾಯರು ಮತ್ತು ಸ್ವಲ್ಪ ಟೇಪು. ಅವರು ಹುಡುಕಿದ ಕ್ರಮ ಯಾವುದೆಂಬುದೇ ಈ ಲೇಖನದ ವಿಷಯ.

ಮಿಸ್ ಹೊಡೆಯುವುದು ಎಂದರೇನು?

ಪೆಟ್ರೋಲ್ ಇಂಜಿನಿನ ಪ್ರತಿ ಸಿಲಿಂಡರಿಗೂ ಮೂರು ವಸ್ತುಗಳು ಸರಿಯಾದ ಹೊತ್ತಿಗೆ ದೊರೆಯಬೇಕು: ಒತ್ತಿ ಹಿಡಿದ ಗಾಳಿ, ತಕ್ಕ ಪ್ರಮಾಣದ ಇಂಧನ, ಮತ್ತು ಕಿಡಿ. ಡೀಸೆಲ್ ಇಂಜಿನಿಗೆ ಕಿಡಿ ಬೇಡ. ಗಾಳಿಯನ್ನು ಬಹಳವಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಆ ಸಿಲಿಂಡರು ಉರಿಯುವುದಿಲ್ಲ. ಇದನ್ನೇ ಮೆಕ್ಯಾನಿಕರು "ಮಿಸ್ ಹೊಡೆಯುತ್ತಿದೆ" ಎನ್ನುತ್ತಾರೆ.

ಫೋರ್ ಸ್ಟ್ರೋಕ್ ಇಂಜಿನು ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ ಪ್ರತಿ ಸಿಲಿಂಡರು ನಿಮಿಷಕ್ಕೆ 750 ಸಲ ಉರಿಯಬೇಕು. ಒಂದು ಸಿಲಿಂಡರು ಪೂರ್ತಿ ಕೆಟ್ಟರೆ ನಿಮಿಷಕ್ಕೆ 750 ಸಲ ಉರಿಯದ ಪೆಟ್ರೋಲು ಸೈಲೆನ್ಸರಿನ ಕಡೆಗೆ ಹೋಗುತ್ತದೆ. ನಾಲ್ಕು ಎತ್ತು ಹೂಡಿದ ಗಾಡಿಯಲ್ಲಿ ಒಂದು ಎತ್ತು ನೊಗಕ್ಕೆ ಹೆಗಲು ಕೊಡದಿದ್ದರೆ ಉಳಿದ ಮೂರರ ಗತಿ ಏನಾಗುವುದೋ ಇಂಜಿನಿನ ಗತಿಯೂ ಅದೇ. ಎಳೆಯುವ ಶಕ್ತಿ ಕುಗ್ಗುತ್ತದೆ, ಇಂಧನ ಹೆಚ್ಚು ಖರ್ಚಾಗುತ್ತದೆ, ಇಂಜಿನು ನಡುಗುತ್ತದೆ.

ಹಳದಿ ದೀಪಕ್ಕೆ ಇದು ಹೇಗೆ ತಿಳಿಯುತ್ತದೆ?

ಇಂಜಿನಿನ ಕ್ರ್ಯಾಂಕ್ ಶಾಫ್ಟಿನ ಬಳಿ ಒಂದು ಸೆನ್ಸರ್ ಇರುತ್ತದೆ. ಪ್ರತಿ ಸಿಲಿಂಡರು ಉರಿದಾಗ ಶಾಫ್ಟಿನ ವೇಗ ಒಂದಿಷ್ಟು ಏರಬೇಕು. ಯಾವ ಸಿಲಿಂಡರಿನ ಸರದಿಯಲ್ಲಿ ವೇಗ ಏರಲಿಲ್ಲವೋ ಅದನ್ನು ಇಸಿಯು ಎಂಬ ಗಣಕ ಪೆಟ್ಟಿಗೆ ಲೆಕ್ಕ ಇಡುತ್ತದೆ. ತಪ್ಪುಗಳು ಒಂದು ಮಿತಿ ಮೀರಿದಾಗ ಅದು ಒಂದು ಕೋಡನ್ನು ಬರೆದಿಟ್ಟು ದೀಪ ಹೊತ್ತಿಸುತ್ತದೆ.

ನಮ್ಮ ದೇಶದಲ್ಲಿ ನಾಲ್ಕು ಚಕ್ರದ ವಾಹನಗಳಿಗೆ ಓಬಿಡಿ-2 ಎಂಬ ಈ ಸ್ವಯಂ ತಪಾಸಣೆ ವ್ಯವಸ್ಥೆ 2013ರ ಏಪ್ರಿಲಿನಿಂದ ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಬಂದ ಮೇಲೆ ಮೋಟಾರ್ ಸೈಕಲ್ಲುಗಳಲ್ಲೂ ಈ ದೀಪ ಕಾಣಿಸಿಕೊಂಡಿತು. 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿ 1ರಿಂದ ಟ್ರೆಮ್ 4 ನಿಯಮ ಅನ್ವಯಿಸಿದ್ದರಿಂದ ಅವುಗಳಲ್ಲೂ ಗಣಕ ಪೆಟ್ಟಿಗೆ ಮತ್ತು ಎಚ್ಚರಿಕೆ ದೀಪ ಬಂದಿವೆ. ಅದಕ್ಕಿಂತ ಹಳೆಯ ಟ್ರ್ಯಾಕ್ಟರು, ಪವರ್ ಟಿಲ್ಲರು, ಪಂಪ್‌ಸೆಟ್ಟುಗಳಿಗೆ ದೀಪವಿಲ್ಲ. ಅಲ್ಲಿ ನಿಮ್ಮ ಕಿವಿ ಮತ್ತು ಹೊಗೆಯ ಬಣ್ಣವೇ ದೀಪ.

ದೀಪದ ಭಾಷೆ

1. ಚಾವಿ ತಿರುಗಿಸಿದಾಗ ದೀಪ ಹತ್ತಿ, ಇಂಜಿನು ಶುರುವಾದ ಮೇಲೆ ಆರಿದರೆ ಎಲ್ಲವೂ ಸರಿ ಇದೆ ಎಂದರ್ಥ. ಚಾವಿ ತಿರುಗಿಸಿದಾಗ ದೀಪ ಹತ್ತಲೇ ಇಲ್ಲವೆಂದರೆ ಸಂಶಯ ಪಡಬೇಕು. ಹಳೆಯ ಗಾಡಿ ಕೊಳ್ಳುವಾಗ ಇದನ್ನು ತಪ್ಪದೆ ನೋಡಿ. ದೋಷ ಮುಚ್ಚಲು ದೀಪವನ್ನೇ ಕಿತ್ತಿರುವ ಸಂಭವವುಂಟು.

2. ಹಳದಿ ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ನಿಧಾನವಾಗಿ ಊರು ಸೇರಬಹುದು. ಆದರೆ ತಪಾಸಣೆಯನ್ನು ಸುಗ್ಗಿ ಮುಗಿಯುವವರೆಗೆ ಮುಂದೂಡಬಾರದು.

3. ಹಳದಿ ದೀಪ ಮಿಣುಕುತ್ತಿದ್ದರೆ ಪೆಟ್ರೋಲ್ ಗಾಡಿಯಲ್ಲಿ ಮಿಸ್ ತೀವ್ರವಾಗಿದೆ ಎಂದರ್ಥ. ಉರಿಯದ ಪೆಟ್ರೋಲು ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಕೆಂಪಗೆ ಕಾಯಿಸುತ್ತದೆ. ಕೂಡಲೇ ವೇಗ ಇಳಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಂಜಿನು ಬಂದ್ ಮಾಡಿ. ಒಣ ಹುಲ್ಲು, ತರಗೆಲೆ, ರವದಿಯ ಮೇಲೆ ಮಾತ್ರ ನಿಲ್ಲಿಸಬೇಡಿ. ಜೋಯಿಡಾ, ದಾಂಡೇಲಿ ಕಡೆ ಬೇಸಿಗೆಯಲ್ಲಿ ರಸ್ತೆಯ ಬದಿಗೇ ಒಣಗಿದ ಕಾಡು ಇರುತ್ತದೆ. ಕಾದ ಕನ್ವರ್ಟರು ಹುಲ್ಲಿಗೆ ತಾಗಿದರೆ ಗಾಡಿಯೂ ಉಳಿಯದು, ಕಾಡೂ ಉಳಿಯದು.

4. ಎಣ್ಣೆ ಕುಡಿಕೆಯ ಚಿತ್ರವುಳ್ಳ ಕೆಂಪು ದೀಪ ಅಥವಾ ಇಂಜಿನಿನ ಶಾಖ ಮಿತಿ ಮೀರಿದೆಯೆಂದು ತೋರಿಸುವ ಕೆಂಪು ದೀಪ ಬೇರೆ ವಿಷಯ. ಇವು ಹತ್ತಿದರೆ ಒಂದು ಫರ್ಲಾಂಗೂ ಮುಂದೆ ಹೋಗಬಾರದು.

ಕೈ ಹಾಕುವ ಮುನ್ನ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಇಂಜಿನು ಆರಲಿ. ಬೀಡಿ, ಸಿಗರೇಟು ದೂರವಿರಲಿ. ಇವಲ್ಲದೆ ಎರಡು ಎಚ್ಚರಿಕೆಗಳನ್ನು ವಿಶೇಷವಾಗಿ ನೆನಪಿಡಬೇಕು.

ಮೊದಲನೆಯದು: ಇಂಜಿನು ನಡೆಯುತ್ತಿರುವಾಗ ಪ್ಲಗ್ಗಿನ ವಾಯರನ್ನು ಕೀಳುವ ಹಳೆಯ ರೂಢಿಯನ್ನು ಬಿಡಿ. ಕಾಯಿಲಿನಿಂದ ಹಲವು ಸಾವಿರ ವೋಲ್ಟು ಬರುತ್ತದೆ. ನಿಮಗೂ ಅಪಾಯ, ಕಾಯಿಲಿಗೂ ಹಾನಿ.

ಎರಡನೆಯದು: ಹೊಸ ಕಾಮನ್ ರೇಲ್ ಡೀಸೆಲ್ ಇಂಜಿನುಗಳಲ್ಲಿ ಇಂಜೆಕ್ಟರಿನ ಪೈಪಿನ ನಟ್ಟನ್ನು ಸಡಿಲಿಸಲೇಬಾರದು. ಟ್ರ್ಯಾಕ್ಟರಿನ ಟೈರಿನಲ್ಲಿ ಒಂದೆರಡು ಬಾರ್ ಒತ್ತಡವಿದ್ದರೆ ಈ ಪೈಪುಗಳಲ್ಲಿ ಸಾವಿರ ಬಾರ್ ಮೀರಿ ಒತ್ತಡವಿರುತ್ತದೆ. ಚಿಮ್ಮಿದ ಡೀಸೆಲ್ ಸೂಜಿಯಂತೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಮಾತ್ರ ಕಂಡರೂ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಅಲಕ್ಷಿಸಿದರೆ ಬೆರಳನ್ನೇ ಕಳೆದುಕೊಳ್ಳುವ ಪ್ರಸಂಗ ಬರಬಹುದು.

ಪತ್ತೆ ಮಾಡುವ ಕ್ರಮ

*ಮೊದಲನೆಯ ಹೆಜ್ಜೆ: ಲಕ್ಷಣ ಬರೆದುಕೊಳ್ಳಿ.* ತಣ್ಣಗಿರುವಾಗ ಮಿಸ್ ಹೊಡೆಯುತ್ತದೆಯೋ, ಕಾದ ಮೇಲೋ? ಏರಿನಲ್ಲಿ ಮಾತ್ರವೋ, ನಿಂತಲ್ಲಿಯೂ ಉಂಟೋ? ಮಳೆ ಬಂದ ಮರುದಿನವೋ? ಇಂಧನ ತುಂಬಿಸಿದ ಮೇಲೆ ಶುರುವಾಯಿತೋ? ಗಾಡಿ ಬಹಳ ದಿನ ನಿಂತಿತ್ತೋ? ಈ ಐದು ಪ್ರಶ್ನೆಗಳ ಉತ್ತರದಿಂದಲೇ ಅರ್ಧ ಕಾರಣ ಹೊರಬೀಳುತ್ತದೆ. ಮಳೆಯ ಮರುದಿನ ಬಂದದ್ದು ಬಹುಶಃ ತೇವದ ದೋಷ. ಇಂಧನ ತುಂಬಿಸಿದ ಮೇಲೆ ಬಂದದ್ದು ಬಹುಶಃ ಇಂಧನದ ದೋಷ. ಏರಿನಲ್ಲಿ ಮಾತ್ರ ಬಂದದ್ದು ದುರ್ಬಲ ಕಿಡಿ ಅಥವಾ ಕಟ್ಟಿಕೊಂಡ ಫಿಲ್ಟರು ಇರಬಹುದು.

*ಎರಡನೆಯ ಹೆಜ್ಜೆ: ಕೋಡು ಓದಿರಿ.* ಸ್ಟೀರಿಂಗಿನ ಕೆಳಗೆ 16 ಕಡ್ಡಿಗಳ ಒಂದು ಸಾಕೆಟ್ ಇರುತ್ತದೆ. ಇದಕ್ಕೆ ಸಿಕ್ಕಿಸುವ ಇಎಲ್‌ಎಂ 327 ಮಾದರಿಯ ಸಣ್ಣ ಸಾಧನ ಕೆಲವು ನೂರು ರೂಪಾಯಿಯಿಂದ ಸಿಗುತ್ತದೆ. ಇದು ಬ್ಲೂಟೂತ್ ಮೂಲಕ ಮೊಬೈಲಿಗೆ ಕೋಡು ತೋರಿಸುತ್ತದೆ. ಆ್ಯಪನ್ನು ಒಮ್ಮೆ ಇಳಿಸಿಕೊಂಡರೆ ಕೋಡು ಓದಲು ನೆಟ್‌ವರ್ಕ್ ಬೇಕಿಲ್ಲ. ಆದ್ದರಿಂದ ಸಿಗ್ನಲ್ ಸಿಗದ ಜೋಯಿಡಾದ ಒಳ ಹಳ್ಳಿಗಳಲ್ಲೂ ಉಪಯೋಗಕ್ಕೆ ಬರುತ್ತದೆ. ಪ್ರತಿಯೊಬ್ಬರೂ ಕೊಳ್ಳಬೇಕೆಂದಿಲ್ಲ. ಹಾಲಿನ ಸಂಘದವರೋ ಸ್ವಸಹಾಯ ಗುಂಪಿನವರೋ ಊರಿಗೆ ಒಂದು ಇಟ್ಟುಕೊಂಡರೆ ಸಾಕು.

ಮೋಟಾರ್ ಸೈಕಲ್ಲಿನ ಸಾಕೆಟ್ ಚಿಕ್ಕದಿರುವುದರಿಂದ ಬೇರೆ ಕೇಬಲ್ಲು ಬೇಕಾಗುತ್ತದೆ. ಕೆಲವು ಬೈಕುಗಳಲ್ಲಿ ದೀಪವೇ ಉದ್ದ ಮತ್ತು ಗಿಡ್ಡ ಮಿಣುಕುಗಳಿಂದ ಕೋಡು ಹೇಳುತ್ತದೆ. ಕೈಪಿಡಿ ನೋಡಿ ಎಣಿಸಬೇಕು. ಹೊಸ ದೊಡ್ಡ ಟ್ರ್ಯಾಕ್ಟರುಗಳ ಸಾಕೆಟ್ ಸಾಮಾನ್ಯವಾಗಿ ಕಾರಿನಂತಿರುವುದಿಲ್ಲ. ಅಲ್ಲಿ ಕಂಪನಿಯ ಸಾಧನವೇ ಬೇಕು.

ಕಾಣಿಸಿದ ಕೋಡನ್ನು ಕಾಗದದ ಮೇಲೆ ಬರೆದುಕೊಳ್ಳಿ. ಅದಕ್ಕೆ ಮೊದಲು ಅಳಿಸಬೇಡಿ. ಮುಖ್ಯವಾದ ಕೋಡುಗಳು ಇವು:

ಪಿ 0300: ಬೇರೆ ಬೇರೆ ಸಿಲಿಂಡರುಗಳಲ್ಲಿ ಮಿಸ್. ಇಂಧನ, ಗಾಳಿ ಸೋರಿಕೆ ಮುಂತಾದ ಎಲ್ಲಕ್ಕೂ ಸಂಬಂಧಿಸಿದ ಕಾರಣ ಹುಡುಕಬೇಕು.

ಪಿ 0301, 0302, 0303, 0304: ಕ್ರಮವಾಗಿ 1, 2, 3, 4ನೆಯ ಸಿಲಿಂಡರಿನಲ್ಲಿ ಮಿಸ್. ಆ ಒಂದು ಸಿಲಿಂಡರಿನ ಪ್ಲಗ್, ಕಾಯಿಲ್, ವಾಯರ್, ಇಂಜೆಕ್ಟರ್ ನೋಡಬೇಕು.

ಪಿ 0171: ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚು. ಬಿರಿದ ರಬ್ಬರ್ ಪೈಪು ಅಥವಾ ಪೆಟ್ರೋಲ್ ಕೊರತೆ.

ಪಿ 0201ರಿಂದ 0204: ಆಯಾ ಇಂಜೆಕ್ಟರಿನ ವಿದ್ಯುತ್ ಸಂಪರ್ಕದಲ್ಲಿ ದೋಷ.

ಪಿ 0351ರಿಂದ 0354: ಆಯಾ ಕಾಯಿಲಿನ ವಿದ್ಯುತ್ ಸಂಪರ್ಕದಲ್ಲಿ ದೋಷ.

ಪಿ 0335: ಕ್ರ್ಯಾಂಕ್ ಶಾಫ್ಟ್ ಸೆನ್ಸರಿನ ಸಂಪರ್ಕದಲ್ಲಿ ದೋಷ.

ಕೋಡು ರೋಗದ ಹೆಸರಲ್ಲ, ರೋಗ ಇರುವ ಜಾಗದ ಗುರುತು. ಪಿ 0303 ಎಂದು ಬಂದರೆ ಮೂರನೆಯ ಸಿಲಿಂಡರು ಉರಿಯುತ್ತಿಲ್ಲ ಎಂದಷ್ಟೇ ಅರ್ಥ. ಏಕೆ ಉರಿಯುತ್ತಿಲ್ಲ ಎಂಬುದನ್ನು ನೀವೇ ಹುಡುಕಬೇಕು. ಬೆಲ್ಟ್ ಅಥವಾ ಟೈಮಿಂಗ್ ಚೈನಿನ ಬದಿಯದು ಸಾಮಾನ್ಯವಾಗಿ ಒಂದನೆಯ ಸಿಲಿಂಡರು. ಆದರೂ ಕೈಪಿಡಿ ನೋಡಿ ಖಚಿತಪಡಿಸಿಕೊಳ್ಳಿ.

*ಮೂರನೆಯ ಹೆಜ್ಜೆ: ಕಣ್ಣಿನಿಂದ ನೋಡಿರಿ.* ಖರ್ಚಿಲ್ಲದ ತಪಾಸಣೆ ಇದು. ಏರ್ ಫಿಲ್ಟರು ಧೂಳಿನಿಂದ ಕಟ್ಟಿದೆಯೇ? ರಬ್ಬರ್ ಪೈಪು ಬಿರಿದಿದೆಯೇ, ಕಳಚಿದೆಯೇ? ಸಾಕೆಟ್ಟುಗಳು ಸಡಿಲವಾಗಿವೆಯೇ, ಒಳಗೆ ಹಸಿರು ಕಿಲುಬು ಹಿಡಿದಿದೆಯೇ? ಪ್ಲಗ್ ಕೂರುವ ಕುಣಿಯಲ್ಲಿ ನೀರು ಅಥವಾ ಎಣ್ಣೆ ನಿಂತಿದೆಯೇ? ವಾಯರಿನ ಮೇಲೆ ಇಲಿಯ ಹಲ್ಲಿನ ಗುರುತು ಇದೆಯೇ? ಪ್ಲಗ್ಗಿಗೆ ಉದ್ದನೆಯ ವಾಯರಿರುವ ಹಳೆಯ ಗಾಡಿಯಾದರೆ ರಾತ್ರಿ ಕತ್ತಲಲ್ಲಿ ಬಾನೆಟ್ ತೆಗೆದು, ಏನನ್ನೂ ಮುಟ್ಟದೆ ನೋಡಿ. ವಾಯರಿನಿಂದ ನೀಲಿ ಕಿಡಿ ಹೊರಗೆ ಹಾರುತ್ತಿದ್ದರೆ ಅದೇ ಕಾರಣ.

ಮಲ್ಟಿಮೀಟರ್ ಇದ್ದರೆ ಬ್ಯಾಟರಿಯನ್ನು ಅಳೆಯಿರಿ. ನಿಂತಾಗ ಸುಮಾರು 12.6 ವೋಲ್ಟ್, ಇಂಜಿನು ನಡೆಯುವಾಗ ಸುಮಾರು 13.8ರಿಂದ 14.5 ವೋಲ್ಟ್ ಇರಬೇಕು. ವೋಲ್ಟೇಜು ಬಹಳ ಇಳಿದರೆ ಕಿಡಿ ದುರ್ಬಲವಾಗುತ್ತದೆ, ಗಣಕ ಪೆಟ್ಟಿಗೆಯೂ ತಪ್ಪು ಹೇಳತೊಡಗುತ್ತದೆ.

*ನಾಲ್ಕನೆಯ ಹೆಜ್ಜೆ: ಅದಲು ಬದಲು ಪರೀಕ್ಷೆ.* ಇದು ಎಲ್ಲಕ್ಕಿಂತ ಮುಖ್ಯವಾದುದು. ಹೊಸ ತಳಿ ಅಥವಾ ಹೊಸ ಗೊಬ್ಬರವನ್ನು ಪರೀಕ್ಷಿಸುವಾಗ ನಾವು ಪಕ್ಕದಲ್ಲಿ ಒಂದು ಹೋಲಿಕೆಯ ತಾಕು ಇಡುತ್ತೇವೆ. ಒಂದನ್ನು ಮಾತ್ರ ಬದಲಿಸಿ ಉಳಿದೆಲ್ಲವನ್ನೂ ಹಾಗೆಯೇ ಇಡುತ್ತೇವೆ. ಗೊಬ್ಬರ, ಬೀಜ, ನೀರು ಮೂರನ್ನೂ ಒಮ್ಮೆಲೇ ಬದಲಿಸಿದರೆ ಯಾವುದರಿಂದ ಇಳುವರಿ ಹೆಚ್ಚಿತೆಂದು ಹೇಳಲಾಗದು. ಇಂಜಿನಿನಲ್ಲಿಯೂ ಹೋಲಿಕೆಯ ತಾಕು ಇದ್ದೇ ಇದೆ, ಅದು ಪಕ್ಕದ ಸಿಲಿಂಡರು.

ಉದಾಹರಣೆಗೆ ಪಿ 0303 ಬಂದಿದೆ ಎನ್ನಿ. ಪ್ರತಿ ಪ್ಲಗ್ಗಿನ ಮೇಲೂ ಬೇರೆ ಬೇರೆ ಕಾಯಿಲ್ ಇರುವ ಗಾಡಿಯಲ್ಲಿ, ಇಂಜಿನು ಬಂದ್ ಮಾಡಿ, 3ನೆಯ ಕಾಯಿಲನ್ನು 2ನೆಯದಕ್ಕೂ 2ನೆಯದನ್ನು 3ನೆಯದಕ್ಕೂ ಹಾಕಿ. ಕೋಡು ಅಳಿಸಿ ಸ್ವಲ್ಪ ದೂರ ಓಡಿಸಿ. ಈಗ ಪಿ 0302 ಬಂದರೆ ದೋಷ ಕಾಯಿಲಿನೊಂದಿಗೇ ಹೋಯಿತು. ಕಾಯಿಲ್ ಕೆಟ್ಟಿದೆ, ಒಂದು ಕಾಯಿಲ್ ಕೊಂಡರೆ ಸಾಕು. ಮತ್ತೆ ಪಿ 0303 ಬಂದರೆ ಕಾಯಿಲ್ ಚೆನ್ನಾಗಿದೆ. ಅನಂತರ ಪ್ಲಗ್ಗುಗಳನ್ನು ಹೀಗೆಯೇ ಬದಲಿಸಿ ನೋಡಿ. ಆಗಲೂ ಪಿ 0303 ಬಂದರೆ ದೋಷ ಆ ಸಿಲಿಂಡರಿನ ವಾಯರಿನಲ್ಲಿ, ಇಂಜೆಕ್ಟರಿನಲ್ಲಿ ಅಥವಾ ಒತ್ತಡದಲ್ಲಿದೆ. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಬೇಕೆಂಬುದನ್ನು ಮರೆಯಬೇಡಿ.

ಹಳಿಯಾಳದ ಆ ಗಾಡಿಯಲ್ಲಿ ಆದದ್ದು ಇದೇ. ಕಾಯಿಲ್ ಬದಲಿಸಿದರೂ ಪಿ 0303, ಪ್ಲಗ್ ಬದಲಿಸಿದರೂ ಪಿ 0303. ಆಗ ಮೂರನೆಯ ಕಾಯಿಲಿಗೆ ಹೋಗುವ ವಾಯರನ್ನು ಬೆರಳಿನಿಂದ ಸವರುತ್ತ ಹೋದಾಗ ಇಂಜಿನಿನ ಹಿಂಬದಿಗೆ ಇಲಿ ಕಡಿದ ಜಾಗ ಸಿಕ್ಕಿತು. ಒಂದೇ ಎಳೆ ಉಳಿದಿತ್ತು. ಗಾಡಿ ಅಲುಗಿದಾಗ ಅದೂ ತಾಗಿ ತಾಗಿ ಬಿಡುತ್ತಿತ್ತು. ಗಾಡಿ ನಿಲ್ಲಿಸುತ್ತಿದ್ದ ಪತ್ರಾಸಿನ ಕೆಳಗೇ ಗೋವಿನಜೋಳದ ತೆನೆಯ ರಾಶಿ ಇತ್ತು.

*ಐದನೆಯ ಹೆಜ್ಜೆ: ಪ್ಲಗ್ಗಿನ ಬಣ್ಣ ನೋಡಿರಿ.* ಬಿಚ್ಚಿದ ಪ್ಲಗ್ಗು ಸಿಲಿಂಡರಿನ ಒಳಗಿನ ಸುದ್ದಿ ಹೇಳುತ್ತದೆ. ತುದಿ ತಿಳಿ ಕಂದು ಬಣ್ಣವಿದ್ದರೆ ಆರೋಗ್ಯ. ಒಣ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು ಅಥವಾ ಏರ್ ಫಿಲ್ಟರು ಕಟ್ಟಿದೆ. ಜಿಡ್ಡು ಎಣ್ಣೆಯಿದ್ದರೆ ರಿಂಗು ಅಥವಾ ವಾಲ್ವಿನ ಸೀಲು ಸವೆದಿದೆ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಕಡಿಮೆ ಅಥವಾ ಶಾಖ ಹೆಚ್ಚು. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಕಿಡಿಯೇ ಬರುತ್ತಿಲ್ಲ. ತುದಿಯ ಸಂದನ್ನು ಫೀಲರ್ ಗೇಜಿನಿಂದ ಅಳೆದು ಕೈಪಿಡಿಯಲ್ಲಿ ಹೇಳಿದಷ್ಟು ಇಡಬೇಕು. ಮರಳಿ ಕೂರಿಸುವಾಗ ಮೊದಲು ಬೆರಳಿನಿಂದಲೇ ಪೂರ್ತಿ ತಿರುಗಿಸಿ, ಕೊನೆಗೆ ಮಾತ್ರ ಪಾನ ಹಾಕಿ. ಇಂಜಿನಿನ ತಲೆ ಅಲ್ಯುಮಿನಿಯಮ್ಮಿನದು. ಒರಟಾಗಿ ಬಿಗಿದರೆ ಮರೆ ಕಿತ್ತು ಹೋಗಿ ಪ್ಲಗ್ಗಿನ ನೂರು ಪಟ್ಟು ಖರ್ಚು ಬರುತ್ತದೆ.

ಪೆಟ್ರೋಲಿನಲ್ಲಿ ನೀರು

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಹಳಿಯಾಳ, ಮುಂಡಗೋಡ ಕಡೆ ಬೆಳೆಯುವ ಕಬ್ಬು, ಗೋವಿನಜೋಳದಂಥ ಬೆಳೆಗಳಿಂದಲೇ ಎಥೆನಾಲ್ ತಯಾರಾಗುವುದರಿಂದ ರೈತನಿಗೆ ಇದು ಪರಕೀಯ ವಸ್ತುವಲ್ಲ. ಆದರೆ ಅದರ ಒಂದು ಗುಣ ತಿಳಿದಿರಬೇಕು: ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎಥೆನಾಲೂ ನೀರೂ ಕೂಡಿ ತಳಕ್ಕೆ ಇಳಿಯುತ್ತವೆ. ಪೆಟ್ರೋಲು ಎಳೆಯುವ ಕೊಳವೆ ಇರುವುದೂ ತಳದಲ್ಲೇ. ಆಗ ಇಂಜಿನು ಮಿಸ್ ಹೊಡೆಯುತ್ತದೆ, ಇಲ್ಲವೇ ಶುರುವಾಗುವುದೇ ಇಲ್ಲ.

ಸಂಶಯ ಬಂದರೆ ಒಂದು ಗಾಜಿನ ಸೀಸೆಯಲ್ಲಿ ಸ್ವಲ್ಪ ಪೆಟ್ರೋಲು ಹಿಡಿದು, ಬೆಂಕಿಯಿಂದ ದೂರ, ನೆರಳಿನಲ್ಲಿ ಅರ್ಧ ತಾಸು ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕು ಖಾಲಿ ಮಾಡಿಸಿ ಹೊಸ ಪೆಟ್ರೋಲು ಹಾಕಿಸಿ. ಕಳೆ ಕತ್ತರಿಸುವ ಯಂತ್ರ, ಪೆಟ್ರೋಲ್ ಸ್ಪ್ರೇಯರುಗಳನ್ನು ಹಂಗಾಮು ಮುಗಿದ ಮೇಲೆ ಟ್ಯಾಂಕು ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ತೀರುವವರೆಗೆ ಓಡಿಸಿಯೇ ಎತ್ತಿಡಬೇಕು. ಅಡಿಕೆ ತೋಟದವರು ಇದೊಂದನ್ನು ಪಾಲಿಸಿದರೂ ಮುಂದಿನ ವರ್ಷದ ಅರ್ಧ ತೊಂದರೆ ತಪ್ಪುತ್ತದೆ.

ಡೀಸೆಲ್ ಇಂಜಿನುಗಳಲ್ಲಿ

ಟ್ರ್ಯಾಕ್ಟರು, ಟಿಲ್ಲರು, ಪಂಪ್‌ಸೆಟ್ಟುಗಳಲ್ಲಿ ಮಿಸ್ ಹೊಡೆಯಲು ಮುಖ್ಯ ಕಾರಣಗಳು ನಾಲ್ಕು.

1. *ಡೀಸೆಲಿನಲ್ಲಿ ನೀರು.* ಅರ್ಧ ತುಂಬಿದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಒಳಗೇ ಇಬ್ಬನಿ ಹಿಡಿಯುತ್ತದೆ. ಮಳೆಗಾಲದಲ್ಲಿ ಸಂಜೆ ಕೆಲಸ ಮುಗಿದ ಕೂಡಲೇ ಟ್ಯಾಂಕು ತುಂಬಿಸಿಡುವುದು ಒಳ್ಳೆಯದು. ಫಿಲ್ಟರಿನ ಕೆಳಗಿರುವ, ನೀರು ಬೇರ್ಪಡಿಸುವ ಬಟ್ಟಲಿನ ತಿರುಪನ್ನು ಸಡಿಲಿಸಿ ಶುದ್ಧ ಡೀಸೆಲ್ ಬರುವವರೆಗೆ ನೀರು ಬಿಡಿ. ಕ್ಯಾನಿನಲ್ಲಿ ತಂದ ಡೀಸೆಲನ್ನು ಒಂದು ರಾತ್ರಿ ಅಲುಗಾಡಿಸದೆ ಇಟ್ಟು, ತಳದ ನಾಲ್ಕು ಬೆರಳು ಬಿಟ್ಟು, ಜಾಳಿಗೆಯಲ್ಲಿ ಸೋಸಿ ಹಾಕಿ.

2. *ಪೈಪಿನಲ್ಲಿ ಗಾಳಿ.* ಟ್ಯಾಂಕು ಬರಿದಾದ ಮೇಲೆ ಅಥವಾ ಫಿಲ್ಟರು ಬದಲಿಸಿದ ಮೇಲೆ ಏರ್ ಹಿಡಿಯುತ್ತದೆ. ಹಳೆಯ ಮಾದರಿಯಲ್ಲಿ ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈ ಪಂಪು ಒತ್ತಿ, ಬಿಗಿಯಬೇಕು.

3. *ಇಂಜೆಕ್ಟರ್ ದೋಷ.* ಯಾಂತ್ರಿಕ ಪಂಪಿನ ಹಳೆಯ ಇಂಜಿನುಗಳಲ್ಲಿ ಮಾತ್ರ ಈ ಪರೀಕ್ಷೆ ಮಾಡಬಹುದು. ಇಂಜಿನು ಸಣ್ಣ ವೇಗದಲ್ಲಿರುವಾಗ, ಕಣ್ಣಿಗೆ ಕನ್ನಡಕ ಧರಿಸಿ, ಪೈಪಿನ ಮೇಲೆ ದಪ್ಪ ಬಟ್ಟೆ ಹಾಕಿ, ಒಂದೊಂದೇ ಇಂಜೆಕ್ಟರಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ಮರಳಿ ಬಿಗಿಯಿರಿ. ಒಳ್ಳೆಯ ಸಿಲಿಂಡರಿನದು ಸಡಿಲಿಸಿದಾಗ ಇಂಜಿನಿನ ಸದ್ದು ಕುಗ್ಗುತ್ತದೆ. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗದೋ ಅದೇ ಕೆಟ್ಟ ಸಿಲಿಂಡರು. ಕಾಮನ್ ರೇಲ್ ಇಂಜಿನಿನಲ್ಲಿ ಇದನ್ನು ಎಂದಿಗೂ ಮಾಡಬಾರದೆಂದು ಮತ್ತೊಮ್ಮೆ ಹೇಳುತ್ತೇನೆ.

4. *ಒತ್ತಡ ಕಡಿಮೆ.* ವಾಲ್ವಿನ ಸಂದು ತಪ್ಪಿದ್ದರೆ ಅಥವಾ ರಿಂಗು ಸವೆದಿದ್ದರೆ ಬೆಳಿಗ್ಗೆ ಶುರುವಾಗಲು ತಡವಾಗುತ್ತದೆ. ವಾಲ್ವಿನ ಸಂದನ್ನು ಕೈಪಿಡಿಯ ಅಳತೆಗೆ ಸರಿಪಡಿಸಿಕೊಂಡ ಮೇಲೆಯೇ ರಿಂಗಿನ ಯೋಚನೆ ಮಾಡಿ.

ಹೊಗೆಯನ್ನೂ ಗಮನಿಸಿ. ಕಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಉರಿಯುತ್ತಿಲ್ಲ ಅಥವಾ ನೀರು ಸೇರಿದೆ. ಕಪ್ಪು ಹೊಗೆಯಿದ್ದರೆ ಗಾಳಿ ಸಾಲದು. ನೀಲಿ ಹೊಗೆಯಿದ್ದರೆ ಇಂಜಿನ್ ಆಯಿಲ್ ಉರಿಯುತ್ತಿದೆ.

ನಮ್ಮ ನಾಲ್ಕು ತಾಲೂಕುಗಳಲ್ಲಿ ಮೊದಲು ನೋಡಬೇಕಾದವು

ಒಂದೇ ಜಿಲ್ಲೆಯೊಳಗಿದ್ದರೂ ಈ ತಾಲೂಕುಗಳ ಹವೆ ಒಂದೇ ಅಲ್ಲ. ಜೋಯಿಡಾ ದಟ್ಟ ಕಾಡಿನ, ಅತಿ ಮಳೆಯ ಸೀಮೆ. ಅಲ್ಲಿ ಜೂನಿನಿಂದ ಸಪ್ಟೆಂಬರಿನವರೆಗೆ ಮೊದಲು ಸಂಶಯಿಸಬೇಕಾದದ್ದು ತೇವವನ್ನು: ಪ್ಲಗ್ಗಿನ ಕುಣಿಯಲ್ಲಿ ನೀರು, ಸಾಕೆಟ್ಟಿನಲ್ಲಿ ಕಿಲುಬು, ಟ್ಯಾಂಕಿನಲ್ಲಿ ನೀರು. ಹಳ್ಳ ದಾಟಿದ ಮೇಲೆ ಮಿಸ್ ಶುರುವಾದರೆ ಏರ್ ಫಿಲ್ಟರಿನ ಡಬ್ಬಿ ತೆಗೆದು ನೋಡಿ. ಒಳಗೆ ನೀರಿದ್ದರೆ ಇಂಜಿನು ತಿರುಗಿಸಲೇಬೇಡಿ. ಸಿಲಿಂಡರಿಗೆ ನೀರು ಹೋದರೆ ಕನೆಕ್ಟಿಂಗ್ ರಾಡು ಬಾಗುತ್ತದೆ.

ಹಳಿಯಾಳ ಮತ್ತು ಮುಂಡಗೋಡದ ಬಯಲಿನಲ್ಲಿ ಮೊದಲ ಸಂಶಯ ಧೂಳು ಮತ್ತು ಇಲಿ. ಗೋವಿನಜೋಳ ಒಕ್ಕುವ ಯಂತ್ರ ನಡೆಸುವ ಟ್ರ್ಯಾಕ್ಟರಿನ ಏರ್ ಫಿಲ್ಟರನ್ನು ಸುಗ್ಗಿಯಲ್ಲಿ ದಿನವೂ ನೋಡಬೇಕು. ಎಣ್ಣೆ ಬಟ್ಟಲಿನ ಮಾದರಿಯಾದರೆ ಗುರುತಿನವರೆಗೆ ಹೊಸ ಎಣ್ಣೆ ಹಾಕಬೇಕು. ಕಾಗದದ ಮಾದರಿಯಾದರೆ ನೀರಿನಲ್ಲಿ ತೊಳೆಯಬಾರದು. ಗಾಡಿ ನಿಲ್ಲಿಸುವ ಜಾಗ ಮತ್ತು ಕಾಳಿನ ರಾಶಿ ಬೇರೆ ಬೇರೆ ಇರಲಿ. ವಾರಕ್ಕೊಮ್ಮೆ ಬಾನೆಟ್ ತೆಗೆದು ಹುಲ್ಲು, ಕಾಳು, ಹಿಕ್ಕೆ ಇದೆಯೇ ನೋಡಿ.

ದಾಂಡೇಲಿಯಿಂದ ಗಣೇಶಗುಡಿ, ಜೋಯಿಡಾ, ಅಣಶಿ ಘಟ್ಟದ ಕಡೆ ಹೋಗುವವರು ದೀಪ ಹತ್ತಿರುವ ಗಾಡಿಯಲ್ಲಿ ಭಾರ ಹೇರಿಕೊಂಡು ಹೊರಡಬಾರದು. ದಾರಿಯಲ್ಲಿ ಗ್ಯಾರೇಜು ಅಪರೂಪ, ಫೋನು ಹತ್ತುವುದೂ ಅಪರೂಪ. ಆ ದಾರಿಯಲ್ಲಿ ನಿಮ್ಮ ಗಾಡಿ ಹೊರುವುದು ಬರೀ ಬಾಳೆಗೊನೆಯನ್ನಲ್ಲ. ಹೆರಿಗೆಗೆ ಹೊರಟ ಹೆಣ್ಣುಮಗಳನ್ನೂ, ಹಾವು ಕಚ್ಚಿದವರನ್ನೂ ಎಷ್ಟೋ ಸಲ ಅದೇ ಗಾಡಿ ಆಸ್ಪತ್ರೆಗೆ ಮುಟ್ಟಿಸುತ್ತದೆ. ಆದ್ದರಿಂದ ಗಾಡಿಯ ಸ್ವಾಸ್ಥ್ಯ ಒಬ್ಬರ ಮನೆಯ ವಿಷಯವಲ್ಲ, ಊರಿನ ವಿಷಯ.

ದೀಪ ಆರಿಸುವುದು ರಿಪೇರಿಯಲ್ಲ

ಕೋಡು ಅಳಿಸಿದರೆ ಅಥವಾ ಬ್ಯಾಟರಿ ಬಿಚ್ಚಿದರೆ ದೀಪ ಆರುತ್ತದೆ; ದೋಷ ಉಳಿದಿದ್ದರೆ ಮತ್ತೆ ಹತ್ತುತ್ತದೆ. ದೋಷ ನಿಜವಾಗಿ ಹೋದರೆ ಕೆಲವು ಸಲದ ಓಡಾಟದ ನಂತರ ದೀಪ ತಾನಾಗಿಯೇ ಆರುತ್ತದೆ. ಇಷ್ಟೆಲ್ಲ ನೋಡಿದ ಮೇಲೂ ಕಾರಣ ಸಿಗದಿದ್ದರೆ, ಅಥವಾ ಒತ್ತಡದ ಪರೀಕ್ಷೆ, ಟೈಮಿಂಗ್ ಚೈನು, ಕಾಮನ್ ರೇಲ್ ಇಂಜೆಕ್ಟರಿನ ಕೆಲಸ ಬಂದರೆ, ಬಲ್ಲ ಮೆಕ್ಯಾನಿಕರ ಬಳಿ ಹೋಗಿ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಲಕ್ಷಣ, ಕೋಡು, ಏನು ಬದಲಿಸಿ ನೋಡಿದಿರಿ, ಏನಾಯಿತು, ಇವನ್ನು ಬರೆದ ಚೀಟಿ ಒಯ್ಯಿರಿ. ಯಾವ ಭಾಗವನ್ನು ಏಕೆ ಬದಲಿಸುತ್ತೀರೆಂದು ಕೇಳಿರಿ. ಬದಲಿಸಿದ ಹಳೆಯ ಭಾಗವನ್ನು ಮರಳಿ ಪಡೆಯಿರಿ. ಒಳ್ಳೆಯ ಮೆಕ್ಯಾನಿಕರು ಇಂಥ ಗಿರಾಕಿಯನ್ನು ಮೆಚ್ಚುತ್ತಾರೆ.

ರೈತರು ನೆನಪಿಡಬೇಕಾದ ಕ್ರಮ ಇಷ್ಟು: ಮೊದಲು ಲಕ್ಷಣ, ಅನಂತರ ಕೋಡು, ಅನಂತರ ಕಣ್ಣಿನ ತಪಾಸಣೆ, ಅನಂತರ ಒಂದೊಂದೇ ಅದಲು ಬದಲು, ಕೊನೆಗೆ ಖರೀದಿ. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬಾರದೆಂದು ನಾವು ನಿಮಗೆ ವರ್ಷ ವರ್ಷವೂ ಹೇಳುತ್ತ ಬಂದಿದ್ದೇವೆ. ಪರೀಕ್ಷೆ ಮಾಡದೆ ಗಾಡಿಯ ಒಂದು ಭಾಗವನ್ನೂ ಕೊಳ್ಳಬೇಡಿರೆಂಬುದು ಅದೇ ಮಾತಿನ ಮುಂದುವರಿಕೆ. ಬರುವ ಸುಗ್ಗಿಗೆ ಮುನ್ನ ಒಂದು ಬಿಡುವಿನ ದಿನ ಬಾನೆಟ್ ತೆಗೆದು, ಈ ಕ್ರಮದಂತೆ ಒಮ್ಮೆ ನೋಡಿರಿ.